ಕೆಂಪು ಫ್ಯೂಸ್ ಜಾಗದಲ್ಲಿ ಹಸಿರು ಫ್ಯೂಸ್

ಇವತ್ತು ರಾಜಕೀಯ ಬೇಡ. ನಿಮ್ಮ ಕಾರಿನ ಬಗ್ಗೆ ಮಾತಾಡೋಣ. ಬಹಳಷ್ಟು ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಒಂದು ಸಣ್ಣ ಮುಚ್ಚಳ ಇರುತ್ತೆ. ಅದರ ಹಿಂದೆ ಫ್ಯೂಸ್ ಬಾಕ್ಸ್. ಯಾವತ್ತಾದ್ರೂ ತೆಗೆದು ನೋಡಿದ್ದೀರಾ? ನಾನೂ ನೋಡಿರಲಿಲ್ಲ.

ಒಂದು ದಿನ ರಾತ್ರಿ ಬುಲೆಟಿನ್ ಮುಗಿಸಿ ಬೆಂಗಳೂರಿನಿಂದ ಹಾಸನದ ಕಡೆ ಹೊರಟಿದ್ದೆ. ಹಿಂದಿನ ಸೀಟಲ್ಲಿ ಹೆಂಡತಿ, ನಿದ್ದೆ ಹೋಗಿದ್ದ ಮಗಳು. ಯಡಿಯೂರು ದಾಟಿದ ಮೇಲೆ ಮೀಟರ್ ದೀಪ ಒಮ್ಮೆ ಮಂಕಾಯ್ತು, ಮತ್ತೆ ಬಂತು. ರಸ್ತೆ ಗುಂಡಿಗೆ ಏನೋ ಅಲುಗಿರಬೇಕು ಅಂದ್ಕೊಂಡೆ. ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. "ರೀ, ಮೊದ್ಲು ನಿಲ್ಸಿ" ಅಂದಳು ಹೆಂಡತಿ. ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ, ಮಗಳನ್ನ ಎತ್ಕೊಂಡು ದೂರ ಹೋಗಿ ನಿಂತ್ವಿ. ಡ್ಯಾಶ್‌ಬೋರ್ಡ್ ಸಂದಿಯಿಂದ ತೆಳ್ಳಗೆ ಹೊಗೆ ಬಂತು. ನಮ್ಮ ಪುಣ್ಯ, ಅಷ್ಟಕ್ಕೇ ನಿಂತಿತು.

ಬೆಳಿಗ್ಗೆ ಚನ್ನರಾಯಪಟ್ಟಣದಿಂದ ಒಬ್ಬರು ಹಿರಿಯ ಎಲೆಕ್ಟ್ರಿಷಿಯನ್ ಬಂದರು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಕೇಳಿದರು: "ಸಾರ್, ಇಲ್ಲಿ ಕೆಂಪು ಇರ್ಬೇಕಿತ್ತು. ಹಸಿರು ಯಾರು ಹಾಕಿದ್ದು?"

ಆಗ ನೆನಪಾಯ್ತು. ಮೂರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಆಂಪ್ಲಿಫೈಯರ್ ಹಾಕಿಸಿದ್ದೆ. ಕೆಲಸದ ಹುಡುಗ ಮೀಟರ್ ದೀಪದ ವೈರನ್ನೇ ಕೆರೆದು, ಇನ್ನೊಂದು ವೈರ್ ಸುತ್ತಿ, ಟೇಪ್ ಹಾಕಿದ್ದ. ಎರಡು ಸಲ ಫ್ಯೂಸ್ ಹೋಯ್ತು. ಮೂರನೇ ಸಲ ದೊಡ್ಡದು ಹಾಕಿ, "ಇನ್ನು ಹೋಗಲ್ಲ ಬಿಡಿ ಸಾರ್" ಅಂದ. ನಾನು ಅಲ್ಲೇ ಫೋನ್ ನೋಡ್ತಾ ಕೂತಿದ್ದೆ. "ಬೇಗ ಮುಗಿಸಪ್ಪ" ಅಂದವನೂ ನಾನೇ.

ಕೆಂಪು ಅಂದ್ರೆ 10 ಆಂಪಿಯರ್, ಹಸಿರು ಅಂದ್ರೆ 30. ಫ್ಯೂಸ್ ಕಾಯೋದು ದೀಪವನ್ನಲ್ಲ, ವೈರನ್ನ. ವೈರ್ ಬಿಸಿಯಾಗಿ ಸುಡುವ ಮೊದಲು ತಾನು ಕರಗಿ ಸಂಪರ್ಕ ಕಡಿಯೋದೇ ಅದರ ಕೆಲಸ. ಕರೆಂಟ್ ಮೂರು ಪಟ್ಟಾದರೆ ಅದೇ ವೈರಿನಲ್ಲಿ ಹುಟ್ಟುವ ಶಾಖ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಸಡಿಲ ಜಾಯಿಂಟ್ ಇದ್ದರಂತೂ ಶಾಖವೆಲ್ಲ ಆ ಒಂದೇ ಜಾಗದಲ್ಲಿ ಸೇರುತ್ತೆ. ಇದನ್ನೇ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನು. ನಾನು ಎಂಜಿನಿಯರಿಂಗ್ ಓದಿದ್ದು ಅಂತ ಗೊತ್ತಾದಾಗ ಆ ಹಿರಿಯರು ಏನೂ ಅನ್ನಲಿಲ್ಲ. ಸುಮ್ಮನೆ ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಹುಡುಗನ ತಪ್ಪು ಇಲ್ಲ ಅಂತ ಹೇಳ್ತಿಲ್ಲ. ಆದ್ರೆ ಅವನಿಗೆ ಯಾರೂ ಕಲಿಸಿರಲಿಲ್ಲ. ನನಗೆ ನಾಲ್ಕು ವರ್ಷ ಕಲಿಸಿದ್ದರು.

ಹಾಗಾಗಿ ನಾಲ್ಕು ಮಾತು ನೆನಪಿಡಿ. ಒಂದು, ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದನ್ನೇ ಹಾಕಿ. ಮತ್ತೆ ಹೋದರೆ ಬದಲಿಸಬೇಕಾದ್ದು ಫ್ಯೂಸ್ ಅಲ್ಲ, ಹುಡುಕಬೇಕಾದ್ದು ಕಾರಣ. ತಂತಿ ಎಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸಿಗಿಸೋ ಬುದ್ಧಿವಂತಿಕೆ ಬೇಡವೇ ಬೇಡ. ಎರಡು, ಆಂಪ್ಲಿಫೈಯರ್ ತರಹ ಹೆಚ್ಚು ಕರೆಂಟ್ ಎಳೆಯೋದಕ್ಕೆ ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ವೈರ್, ಬ್ಯಾಟರಿ ಹತ್ತಿರವೇ ಅದಕ್ಕೊಂದು ಫ್ಯೂಸ್ ಕೇಳಿ. ಮೂರು, ಎಂಜಿನ್ ಓಡುವಾಗ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಉರಿಯುತ್ತಲೇ ಇದ್ದರೆ ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅಂತ ಅರ್ಥ. ಊರು ತಲುಪಿ ನೋಡೋಣ ಅನ್ನಬೇಡಿ. ನಾಲ್ಕು, ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಲಗೇಜು ಆಮೇಲೆ. ಬಾನೆಟ್ ಒಳಗಿಂದ ಹೊಗೆ ಬರ್ತಿದ್ರೆ ಎತ್ತಲೇಬೇಡಿ. ಗಾಳಿ ಸಿಕ್ಕರೆ ಬೆಂಕಿ ಜೋರಾಗುತ್ತೆ. 112ಕ್ಕೆ ಕರೆ ಮಾಡಿ.

ಆ ಹಸಿರು ಫ್ಯೂಸನ್ನ ನಾನು ಎಸೆದಿಲ್ಲ. ಸ್ಟುಡಿಯೋದಲ್ಲಿ ನನ್ನ ಮೇಜಿನ ಮೇಲಿದೆ. ಅದರ ಒಳಗಿನ ತಂತಿ ಇವತ್ತಿಗೂ ತುಂಡಾಗಿಲ್ಲ. ವೈರ್ ಸುಟ್ಟಿತು, ಫ್ಯೂಸ್ ಹಾಗೇ ಉಳಿಯಿತು.

ಇವತ್ತು ಮನೆಗೆ ಹೋದಮೇಲೆ ಆ ಮುಚ್ಚಳ ಒಮ್ಮೆ ತೆಗೆದು ನೋಡಿ.