ಸಂಜೆಯ ದೀಪ, ಕಣಿವೆಯ ನೀರು



2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದ ಮೇಲೆ ನಮ್ಮ ಅನೇಕ ಮನೆಗಳ ವಿದ್ಯುತ್ ಬಿಲ್ಲು ಶೂನ್ಯವಾಗಿದೆ. “ಹಣವನ್ನೇ ಕಟ್ಟಬೇಕಾಗಿಲ್ಲವೆಂದ ಮೇಲೆ ಹಳೆಯ ಬಲ್ಬನ್ನು ಬದಲಿಸುವುದೇಕೆ?” ಎಂದು ಹಿರಿಯರೊಬ್ಬರು ಈಚೆಗೆ ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಬಿಲ್ಲಿನ ಆಚೆ ಹುಡುಕಬೇಕಾಗಿದೆ.

ತಂತಿ ಕಾದು ಬೆಳಗುವ ಹಳೆಯ ಬಲ್ಬು ತಾನು ಬಳಸುವ ವಿದ್ಯುತ್ತಿನಲ್ಲಿ ಶೇ. 5ರಷ್ಟನ್ನು ಮಾತ್ರ ಬೆಳಕಾಗಿಸುತ್ತದೆ, ಉಳಿದುದೆಲ್ಲ ಶಾಖ. ಕೋಳಿಮರಿಗಳನ್ನು ಬೆಚ್ಚಗಿಡಲು ಅದು ತಕ್ಕುದು, ಓದುವ ಮಗುವಿಗಲ್ಲ. 60 ವಾಟಿನ ಬಲ್ಬಿನಷ್ಟೇ ಬೆಳಕನ್ನು 9 ವಾಟಿನ ಎಲ್‌ಇಡಿ ಕೊಡುತ್ತದೆ. ನಾಲ್ಕು ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಹಳೆಯವು 438 ಯೂನಿಟ್, ಹೊಸವು ಸುಮಾರು 66 ಯೂನಿಟ್ ಬಳಸುತ್ತವೆ. ತಂತಿಯ ಕೊನೆಯಲ್ಲಿರುವ ನಮ್ಮಂಥ ಊರುಗಳಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದಾಗ ಹಳೆಯ ಬಲ್ಬಿನ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಉತ್ತಮ ಎಲ್‌ಇಡಿ ಆಗಲೂ ಮಂಕಾಗುವುದಿಲ್ಲ.

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಇದಕ್ಕೆ ದೊಡ್ಡ ಅಡ್ಡಿಯಾಗಿದ್ದುದು ಬೆಲೆ. ನಮ್ಮ ದೇಶದಲ್ಲಿ ಸರ್ಕಾರಿ ಸಂಸ್ಥೆಯೇ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಾಗಿ ಕೊಂಡದ್ದರಿಂದ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು. 2015ರಲ್ಲಿ ಆರಂಭವಾದ ‘ಉಜಾಲಾ’ ಯೋಜನೆಯಡಿ 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದಿತು.

ಇನ್ನು ನಮ್ಮ ಕಣಿವೆಗಳ ಮಾತು. ನಾಡಿನ ಮನೆಗಳೆಲ್ಲ ದೀಪ ಹಚ್ಚುವುದು ಸಂಜೆ ಒಂದೇ ಹೊತ್ತಿಗೆ. ಕೆಲವೇ ನಿಮಿಷಗಳಲ್ಲಿ ಉತ್ಪಾದನೆ ಹೆಚ್ಚಿಸಬಲ್ಲ ಜಲವಿದ್ಯುತ್ ಆ ಹೊತ್ತಿನ ಆಸರೆ. ಅದಕ್ಕೆ ಬೇಕಾದ ನೀರು ಮಲೆನಾಡಿನದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ-ಗದ್ದೆ ಬಿಟ್ಟೆದ್ದ ಎಷ್ಟೋ ಕುಟುಂಬಗಳು ಬಹುಕಾಲ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ಬದುಕಿದವು. ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸುವಾಗ ಮುಂದಿಟ್ಟ ಕಾರಣವೂ ಇಂಥ ಗರಿಷ್ಠ ಬೇಡಿಕೆಯೇ.

ಬಲ್ಬು ಬದಲಿಸಿದ ಮಾತ್ರಕ್ಕೆ ಯೋಜನೆಗಳು ನಿಲ್ಲುವುದಿಲ್ಲ. ಆದರೆ ಕಣಿವೆಯನ್ನು ಉಳಿಸಿರೆಂದು ಕೇಳುವವರು ಮೊದಲು ತಮ್ಮ ಮನೆಯ ಸೋರಿಕೆಯನ್ನು ನಿಲ್ಲಿಸಿರಬೇಕು. ಆಗ ಮಾತಿಗೆ ಬಲ ಬರುತ್ತದೆ.

ಎರಡು ಎಚ್ಚರಿಕೆಗಳು. ಹಳೆಯ ಸಿಎಫ್‌ಎಲ್ ದೀಪಗಳಲ್ಲಿ ಪಾದರಸವಿದೆ. ಒಡೆದು ಗೊಬ್ಬರದ ಗುಂಡಿಗೆ ಎಸೆಯದಿರಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಎರಡನೆಯದಾಗಿ, ಖರ್ಚು ಕಡಿಮೆಯೆಂದು ಅಂಗಳದ ದೀಪವನ್ನು ರಾತ್ರಿಯಿಡೀ ಉರಿಸಬೇಡಿ. ಪರಾಗಸ್ಪರ್ಶಕ್ಕೆ ನೆರವಾಗುವ ಪತಂಗಗಳೂ ಆ ಬೆಳಕಿಗೆ ಮುತ್ತಿ ಸಾಯುತ್ತವೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ವಾರ ನಿಮ್ಮ ಮನೆಯ ದೀಪಗಳ ಸಂಖ್ಯೆ, ವಾಟ್, ಉರಿಯುವ ಗಂಟೆಗಳನ್ನು ಬರೆದಿಡಿ. ಮುಂದಿನ ಸಭೆಯಲ್ಲಿ ಊರಿನ ಲೆಕ್ಕವನ್ನು ಒಟ್ಟಾಗಿ ಕೂಡಿಸೋಣ. ನನ್ನನ್ನು ಪ್ರಶ್ನಿಸಿದ ಹಿರಿಯರಿಗೆ ಆ ಲೆಕ್ಕವನ್ನೇ ತೋರಿಸೋಣ.