ಆಟದ ಮನೆ, ಊಟದ ಪಂಕ್ತಿ



ಮಠಕ್ಕೆ ಬರುವ ತಂದೆತಾಯಿಗಳು ಹೆಚ್ಚಾಗಿ ಬೇಡುವುದು ಒಂದೇ: "ಬುದ್ಧಿ, ನಮ್ಮ ಹುಡುಗನಿಗೆ ಒಳ್ಳೆಯ ನಡತೆ ಬರುವ ಹಾಗೆ ಆಶೀರ್ವಾದ ಮಾಡಿ." ಆಶೀರ್ವಾದ ಮಾಡುತ್ತೇವೆ. ಆದರೆ ನಡತೆ ವಿಭೂತಿಯಂತೆ ಹಣೆಗೆ ಹಚ್ಚಿ ಕಳಿಸುವ ವಸ್ತುವಲ್ಲ. 'ಶೀಲ' ಎಂಬ ಧಾತುವಿಗೆ ವೈಯಾಕರಣರು ಅಭ್ಯಾಸ ಎಂಬ ಅರ್ಥವನ್ನೂ ಹೇಳಿದ್ದಾರೆ. ಅನುಶೀಲನ, ಪರಿಶೀಲನ ಎಂಬ ಮಾತುಗಳಲ್ಲಿರುವುದೂ ಅದೇ ಧಾತು. ಮರಳಿ ಮರಳಿ ಮಾಡಿದ್ದರಿಂದ ಮೈಗೂಡುವುದೇ ಶೀಲ. ಹಾಗಾದರೆ ಮಗು ಮರಳಿ ಮರಳಿ ಮಾಡುವುದು ಯಾವುದನ್ನು? ಆಟವನ್ನು. ಮರಳಿ ಮರಳಿ ಕೇಳುವುದು ಯಾವುದನ್ನು? ಮನೆಯವರ ಮಾತನ್ನು. ಶೀಲದ ಪಾಠಶಾಲೆಗಳು ಇವೆರಡೇ.

ಕೆಲವು ವರ್ಷಗಳ ಹಿಂದೆ ಒಬ್ಬ ಗೃಹಸ್ಥರು ಹತ್ತು ವರ್ಷದ ಮಗನನ್ನು ಕೈಹಿಡಿದು ಎಳೆದುಕೊಂಡೇ ಬಂದರು. "ಬಾಯಿ ಬಿಟ್ಟರೆ ಸುಳ್ಳು ಬುದ್ಧಿ. ಅಂಗಡಿಗೆ ಕೊಟ್ಟ ದುಡ್ಡಲ್ಲಿ ಮೂವತ್ತು ರೂಪಾಯಿ ಎಲ್ಲಿ ಅಂದ್ರೆ ಬಿದ್ದುಹೋಯ್ತು ಅಂತಾನೆ. ತಾವೇ ಬುದ್ಧಿ ಹೇಳಬೇಕು" ಎಂದರು. ಹುಡುಗ ನೆಲ ನೋಡುತ್ತಿದ್ದ. ಮಠದ ಜಗಲಿಯ ಮೇಲೆ ನಮ್ಮ ವಿದ್ಯಾರ್ಥಿಗಳು ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರವಿತ್ತು. "ತಂದೆ ಮಗ ಒಂದಾಟ ಆಡಿರಿ, ಆಮೇಲೆ ಬುದ್ಧಿ ಹೇಳೋಣ" ಎಂದೆವು.

ಆ ಆಟ ನಿಮಗೆಲ್ಲ ಗೊತ್ತು. 25 ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ತಂದೆಗೆ ಮೂರು ಬಿತ್ತು. ಮಗನ ಕಾಯಿ ಇದ್ದದ್ದು ನಾಲ್ಕನೆಯ ಮನೆಯಲ್ಲಿ. ಅವರು ನಾಲ್ಕು ಮನೆ ನಡೆಸಿ ಮಗನ ಕಾಯಿ ಹೊಡೆದುಬಿಟ್ಟರು. "ಅಪ್ಪಾ, ಬಿದ್ದಿದ್ದು ಮೂರು" ಎಂದ ಹುಡುಗ. "ಆಟ ತಾನೇ, ಬಿಡೋ" ಎಂದು ನಕ್ಕರು ತಂದೆ.

ಹುಡುಗ ನಮ್ಮ ಮುಖ ನೋಡಿದ. ಸುಳ್ಳು ಮೂವತ್ತು ರೂಪಾಯಿಗೆ ಮಾತ್ರ ತಪ್ಪೇ, ಕವಡೆಗೆ ತಪ್ಪಲ್ಲವೇ ಎಂದು ಆ ಕಣ್ಣು ಕೇಳುತ್ತಿತ್ತು. ನಾವು ಮಾತಾಡಲಿಲ್ಲ. ತಂದೆಯ ನಗು ತಾನಾಗಿ ನಿಂತಿತು. "ಹೌದು ಮಗಾ, ಮೂರೇ. ತಪ್ಪು ನಂದು" ಎಂದು ಕಾಯನ್ನು ಹಿಂದಕ್ಕಿಟ್ಟರು.

ಆಟ ಮುಗಿಯಿತು. ಹುಡುಗ ಕವಡೆ ಆರಿಸುತ್ತಾ, ಯಾರೂ ಕೇಳದೆಯೇ ಹೇಳಿದ: "ಅಪ್ಪಾ, ಆ ದುಡ್ಡಲ್ಲಿ ಬುಗುರಿ ತಗೊಂಡೆ. ಹೇಳಿದ್ರೆ ಹೊಡೀತಿದ್ದೆ." ತಂದೆಯ ಕೈ ಏಳಲಿಲ್ಲ. ನಾವು ಹೇಳಬೇಕಾದ ಬುದ್ಧಿಯೂ ಉಳಿದಿರಲಿಲ್ಲ.

ಹಾಗೆಂದು ತಪ್ಪನ್ನು ಸುಮ್ಮನೆ ಬಿಡಬೇಕೆಂದಲ್ಲ. ಕಳೆದ ಹಣಕ್ಕೆ ಬದಲಾಗಿ ಹುಡುಗ ಒಂದು ತಿಂಗಳು ಹಿತ್ತಲ ಗಿಡಗಳಿಗೆ ನೀರು ಹಾಕಲಿ ಎಂದು ಅಲ್ಲಿಯೇ ತೀರ್ಮಾನವಾಯಿತು. ತಪ್ಪಿಗೆ ಪರಿಹಾರ ಬೇಕು. ನಿಜಕ್ಕೆ ಪೆಟ್ಟು ಬೀಳಬಾರದು. ನಿಜ ಹೇಳಿದ ದಿನವೇ ಪೆಟ್ಟು ತಿಂದ ಮಗು ಮರುದಿನ ಬಿಡುವುದು ತಪ್ಪನ್ನಲ್ಲ, ನಿಜವನ್ನು.

ಆದ್ದರಿಂದ ತಾಯಂದಿರೇ, ಮಕ್ಕಳು ಆಡಲಿ. ಲಗೋರಿಯಲ್ಲಿ ಬಿದ್ದ ಕಲ್ಲನ್ನು ಮತ್ತೆ ಜೋಡಿಸುವುದನ್ನು ಕಲಿಯುತ್ತಾರೆ. ಅಳಗುಳಿಮಣೆಯಲ್ಲಿ ತಮ್ಮ ಸರದಿಗೆ ಕಾಯುವುದನ್ನು ಕಲಿಯುತ್ತಾರೆ. ನೀವೂ ಜೊತೆಗೆ ಕೂತು ಆಡಿರಿ. ಮಗು ಅಳುತ್ತದೆಂದು ಬೇಕೆಂದೇ ಸೋಲಬೇಡಿ. ಸೋತಾಗ ಪಕ್ಕದಲ್ಲಿರಿ, ಅಷ್ಟು ಸಾಕು.

ರಾತ್ರಿ ಊಟಕ್ಕೆ ಕೂತಾಗ ದೂರದರ್ಶನವನ್ನೂ ಕೈಯಲ್ಲಿಯ ಮೊಬೈಲನ್ನೂ ಅರ್ಧ ಗಂಟೆ ಬದಿಗಿಡಿ. "ಗೆದ್ದೆಯಾ?" ಎಂದು ಕೇಳಬೇಡಿ. "ಹೇಗೆ ಆಡಿದೆ? ಯಾರ ಮನಸ್ಸಾದರೂ ನೊಂದಿತೇ?" ಎಂದು ಕೇಳಿ. ಅದಕ್ಕಿಂತ ಮೊದಲು ನಿಮ್ಮ ಮಾತು ಹೇಳಿ. "ಈ ದಿನ ಸಂತೆಯಲ್ಲಿ ಒಬ್ಬರ ಮೇಲೆ ರೇಗಿದೆ, ರೇಗಬಾರದಿತ್ತು" ಎಂದು ತಂದೆಯೇ ಹೇಳಿದರೆ, ತಪ್ಪೊಪ್ಪಿಕೊಳ್ಳುವುದು ಸಣ್ಣತನವಲ್ಲ, ದೊಡ್ಡವರ ಲಕ್ಷಣ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಒಬ್ಬರ ಮಾತನ್ನು ಒಬ್ಬರು ತಾಳ್ಮೆಯಿಂದ ಕೇಳುವ ಊಟದ ಪಂಕ್ತಿಯೇ ಮನೆಯ ಅನುಭವಮಂಟಪ.

ಚೌಕಾಬಾರದಲ್ಲಿ ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿಗೆ ಹಣ್ಣಾಯಿತು ಎನ್ನುತ್ತೇವೆ. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲ ಮನೆಯಿಂದ ಹೊರಡುತ್ತದೆ, ಆದರೂ ಹಣ್ಣಾಗುತ್ತದೆ. ನಿಮ್ಮ ಮಕ್ಕಳೂ ಎಡವುತ್ತಾರೆ, ಮತ್ತೆ ಹೊರಡುತ್ತಾರೆ. ಬಿದ್ದಷ್ಟೇ ಎಣಿಸಿ ನಡೆಯುವುದನ್ನು ನೀವು ನಡೆದು ತೋರಿಸಿರಿ. ಅವರ ಬಾಳು ಹಣ್ಣಾಗಲಿ ಎಂದು ಹಾರೈಸುತ್ತೇವೆ.