ಬೆಕ್ಕಿನ ಮರಿಯೂ ಒಂದು ಅಮಾನತ್



ಪರ್ಷಿಯನ್ ಬೆಕ್ಕಿನ ಮರಿ ಬೇಕೆಂದು ನಿಮ್ಮಲ್ಲಿ ಹಲವರು ಮನೆಯಲ್ಲಿ ಹಟ ಹಿಡಿದಿರಬಹುದು. ಬೆಕ್ಕು ನಮಗೆ ಹೊಸ ಅತಿಥಿಯಲ್ಲ. ಅತ್ಯಧಿಕ ಹದೀಸ್‌ಗಳನ್ನು ವರದಿ ಮಾಡಿದ ಅಬೂಹುರೈರಾ(ರ)ರ ಹೆಸರಿನ ಅರ್ಥವೇ ಬೆಕ್ಕಿನ ಮರಿಯ ತಂದೆ ಎಂದು. ಅಬೂ ಕತಾದಾ(ರ)ರು ವುಝೂವಿನ ಪಾತ್ರೆಯನ್ನು ಬಾಗಿಸಿ ಬೆಕ್ಕಿಗೆ ನೀರು ಕುಡಿಸಿದರು. ಆದರೆ ಬೆಕ್ಕನ್ನು ಕೂಡಿಹಾಕಿ, ಆಹಾರ ಕೊಡದೆ ಸಾಯಿಸಿದ ಮಹಿಳೆ ನರಕಕ್ಕೆ ಗುರಿಯಾದಳೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಬೀದಿಯ ಬೆಕ್ಕು ತಾನೇ ಮೈ ನೆಕ್ಕಿ ಶುಚಿಯಾಗುತ್ತದೆ. ಪರ್ಷಿಯನ್ ಬೆಕ್ಕಿನ ಉದ್ದ ರೋಮ, ಚಪ್ಪಟೆ ಮುಖ ಮನುಷ್ಯನೇ ತಳಿ ಆಯ್ದು ಬೆಳೆಸಿದ್ದು. ದಿನವೂ ಬಾಚದಿದ್ದರೆ ರೋಮ ಗಂಟುಗಟ್ಟುತ್ತದೆ; ಕಣ್ಣು ಒರೆಸಬೇಕು; ಸೆಕೆಯಲ್ಲಿ ಉಸಿರಾಟ ಕಷ್ಟ. ಪರೀಕ್ಷೆಯ ದಿನಗಳಲ್ಲಿ ಇದನ್ನೆಲ್ಲ ಮಾಡುವವರು ಯಾರು? ತಾಯಿಯ ಮೇಲೆ ಹೊರಿಸುವುದಾದರೆ ತರಬೇಡಿ.

ತರುವುದಾದರೆ, 12 ವಾರ ತುಂಬುವ ತನಕ ಮರಿ ತಾಯಿಯ ಬಳಿ ಇರಲಿ. ಚುಚ್ಚುಮದ್ದಿನ ಕಾರ್ಡ್ ಕೇಳಿ. ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಮೂತ್ರಪಿಂಡದ ರೋಗ ಬರುವುದುಂಟು. ತಂದೆತಾಯಿ ಬೆಕ್ಕುಗಳ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಆಹಾರ, ನೀರು, ಮರಳಿನ ತಟ್ಟೆ, ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆ ಇಡಿ. ನೆಂಟರ ಕೈಯಿಂದ ಕೈಗೆ ದಾಟಿಸಬೇಡಿ. ದನದ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ವಿಷ. ಕಚ್ಚಿದರೆ, ಪರಚಿದರೆ ಸಾಬೂನಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಿ.

ಮನೆಯೊಳಗೆ ಸಾಕಿದ ಬೆಕ್ಕು 15 ವರ್ಷವೂ ಬದುಕಬಹುದು. ಅಷ್ಟು ಕಾಲ ಆ ಮೂಕ ಜೀವಿಯ ಹಕ್ಕನ್ನು ಈಡೇರಿಸುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.